ಮೂರು ವರ್ಷದ ಮಗುವಿನ ಕಿವಿಗೆ ‘ಇಸು’ ಬೀಳುವುದಿಲ್ಲವೇ?

ಪದಕಮ್ಮಟ:
ಮಗುವಿಗೆ ಭಾಷೆಯ ಚೌಕಟ್ಟು ಹುಟ್ಟಿನಿಂದಲೇ ಒಂದಿಷ್ಟು ಬಂದಿರುತ್ತದೆ ಎನ್ನುವವರು ಕನ್ನಡದ ಮಕ್ಕಳ ಮೇಲೆ ನಡೆದ 2003ರ ಪ್ರಯೋಗವನ್ನು ಮುಂದಿಡುತ್ತಾರೆ. ಕನ್ನಡವೇ ಏಕೆ ಬೇಕಾಯಿತು? ಅದರಿಂದ ನಿಜಕ್ಕೂ ಏನು ತೀರ್ಮಾನವಾಯಿತು?

ಧಾತುಪಾಠ:
ಅದು ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಅವರ ಪ್ರಯೋಗ. ಇಂಗ್ಲಿಷಿನಲ್ಲಿ ತಾನೇ ಉರುಳಿದರೂ ಯಾರೋ ಉರುಳಿಸಿದರೂ ಕ್ರಿಯಾಪದ ಒಂದೇ. ಎಷ್ಟು ನಾಮಪದಗಳಿವೆ ಎಂದು ನೋಡಿಯೇ ಅರ್ಥ ಹಿಡಿಯಬೇಕು. ಹಾಗಾಗಿ ಈ ಎಣಿಕೆಯನ್ನು ಇಂಗ್ಲಿಷ್ ಕಲಿಸಿತೋ, ಮಗುವೇ ತಂದಿತೋ ಎಂದು ಅಲ್ಲಿ ಬಿಡಿಸಲಾಗದು. ಕನ್ನಡದಲ್ಲಿ ‘ಉರುಳು’ ಇದ್ದದ್ದು ‘ಉರುಳಿಸು’ ಆಗುತ್ತದೆ, ‘ಇಸು’ ಎಂಬ ಪ್ರತ್ಯಯವೇ ಮಾಡಿಸುವ ಅರ್ಥ ಕೊಡುತ್ತದೆ. ನಾಮಪದಗಳ ಎಣಿಕೆ ಅಷ್ಟು ನಂಬಿಕೆಯ ಸುಳಿವಲ್ಲ: ‘ಅಜ್ಜಿ ಪೇಪರ್ ಓದ್ತಾಳೆ’ಯಲ್ಲಿ ಎರಡು ನಾಮಪದಗಳಿದ್ದರೂ ಯಾರೂ ಯಾರಿಂದಲೂ ಏನೂ ಮಾಡಿಸುತ್ತಿಲ್ಲ.

ಮೂರು ವರ್ಷದ ಆಸುಪಾಸಿನ ಮಕ್ಕಳು ವಾಕ್ಯ ಕೇಳಿ ಆಟಿಕೆಗಳಿಂದ ಅದನ್ನು ಆಡಿ ತೋರಿಸಬೇಕಿತ್ತು. ಕೆಲವು ವಾಕ್ಯಗಳು ಬೇಕೆಂದೇ ಕೆಡಿಸಿದವು. ‘ಕರಡಿ ಕೋತೀನ ಕುಣಿಯುತ್ತೆ’, ‘ಕೋತಿ ಕುಣಿಸುತ್ತೆ’ ಎಂಬ ಮಾದರಿಯವು (ಉದಾಹರಣೆ ನನ್ನದು). ಎರಡು ನಾಮಪದಗಳಿದ್ದರೆ ಮಕ್ಕಳು ‘ಇಸು’ ಇಲ್ಲದಿದ್ದರೂ ಮಾಡಿಸುವ ಆಟವನ್ನೇ ಆಡಿದರು. ಒಂದೇ ಇದ್ದರೆ, ‘ಇಸು’ ಇದ್ದರೂ, ಸಾಮಾನ್ಯವಾಗಿ ಮಾಡಿಸುವ ಆಟ ಆಡಲಿಲ್ಲ. ಕೇಳಿದ್ದರಿಂದಷ್ಟೇ ಕಲಿಯುವ ಮಗು ‘ಇಸು’ವನ್ನು ಹಿಡಿಯಬೇಕಿತ್ತು, ಎಣಿಕೆಯನ್ನು ಹಿಡಿದದ್ದರಿಂದ ಅದನ್ನು ಮಗುವೇ ತಂದಿದೆ ಎಂಬುದು ಅವರ ವಾದ.

ಅಡ್ಡಪ್ರಶ್ನೆ:
ಇಷ್ಟು ಸಲೀಸಲ್ಲ ಸರ್. ‘ಕೋಲು ಮುರೀತು’, ‘ಅಣ್ಣ ಕೋಲು ಮುರಿದ’. ‘ಲೋಟ ಒಡೀತು’, ‘ಪುಟ್ಟಿ ಲೋಟ ಒಡೆದಳು’. ಮುರಿ, ಒಡೆ, ಹರಿ: ಪುಟ್ಟ ಮಕ್ಕಳಿರುವ ಮನೆಯಲ್ಲಿ ದಿನಬೆಳಗಾದರೆ ಕೇಳುವ ಈ ಕ್ರಿಯಾಪದಗಳು ಇಂಗ್ಲಿಷಿನಂತೆಯೇ ನಡೆಯುತ್ತವೆ. ಎಣಿಕೆಯನ್ನು ಮಗು ಇವುಗಳಿಂದಲೇ ಕಲಿತಿರಬಹುದಲ್ಲ? ‘ಇಸು’ ಕೂಡ ಅಷ್ಟೇನೂ ಶುದ್ಧವಲ್ಲ. ‘ಯೋಚಿಸು’, ‘ಪ್ರೀತಿಸು’, ‘ನಂಗೆ ಕೇಳಿಸ್ತಿಲ್ಲ’ಗಳಲ್ಲಿ ಮಾಡಿಸುವ ಅರ್ಥ ಎಲ್ಲಿದೆ?

ಧಾತುಪಾಠ:
ಮುರಿ-ಒಡೆಗಳ ಆಕ್ಷೇಪ ಗಟ್ಟಿಯಾದದ್ದು, ಒಪ್ಪುತ್ತೇನೆ. ‘ಯೋಚಿಸು’ ಅಷ್ಟು ತೊಡಕಲ್ಲ. ಮಗುವಿನ ಮುಂದೆ ನಾವು ಹೇಳುವುದು ‘ಯೋಚನೆ ಮಾಡು’ ಅಂತ. ‘ಕೇಳಿಸು’ ಉಳಿಯುತ್ತದೆ, ಆದರೆ ‘ನಂಗೆ’ ಎಂಬ ಚತುರ್ಥಿ ಅದನ್ನು ಬೇರೆ ಗುಂಪಿಗೆ ಸೇರಿಸುತ್ತದೆ. ಇನ್ನೊಂದು ಮಾತು: ನಾವು ನಾಮಪದಗಳನ್ನು ನುಂಗಿಬಿಡುತ್ತೇವೆ. ‘ಮಲಗಿಸು’ ಎಂದರೆ ಅಷ್ಟೇ, ಯಾರನ್ನು ಎಂದು ಹೇಳುವುದಿಲ್ಲ. ಇಂಥ ಮಾತು ಕೇಳಿ ಬೆಳೆದ ಮಗು ಎಣಿಕೆಯನ್ನೇ ನೆಚ್ಚುವುದು ಇನ್ನೂ ಸೋಜಿಗ.

ಆಟಿಕೆಪೆಟ್ಟಿಗೆ:
ಇದನ್ನು ಮತ್ತೆ ಪರೀಕ್ಷಿಸುವವರಿಗೆ: ಮಗು ‘ಕೂರಿಸು’ ಎಂದಾಕ್ಷಣ ‘ಇಸು’ ಗೊತ್ತಿದೆ ಎಂದು ಬರೆದುಕೊಳ್ಳಬೇಡಿ, ಇಡೀ ಪದವೇ ಬಾಯಿಪಾಠ ಆಗಿರಬಹುದು. ಮಕ್ಕಳ ಭಾಷೆಯ ಸಂಶೋಧಕಿ ಜೀನ್ ಬರ್ಕೊ 1958ರಲ್ಲಿ ಮಾಡಿದಂತೆ, ಭಾಷೆಯಲ್ಲೇ ಇಲ್ಲದ ಪದ ಕಟ್ಟಿ. ‘ಟುಮುಕು’ ಅನ್ನಿ: ಮೊದಲು ಗೊಂಬೆ ತಾನೇ ಟುಮುಕುವುದನ್ನು ತೋರಿಸಿ, ಆಮೇಲೆ ಒಂದು ಅಥವಾ ಎರಡು ನಾಮಪದ, ‘ಇಸು’ ಇರುವ ಮತ್ತು ಇಲ್ಲದ, ಹೀಗೆ ನಾಲ್ಕು ಬಗೆಯ ವಾಕ್ಯ ಕೊಡಿ. ‘ಕೋತಿಯನ್ನು’ ಬೇಡ, ‘ಕೋತೀನ’ ಅನ್ನಿ. ಗ್ರಾಂಥಿಕ ರೂಪ ಕೇಳಿದರೆ ಮಗು ನಿಮ್ಮ ಮುಖ ನೋಡುತ್ತಾ ಕೂರುತ್ತದೆ. ದೊಡ್ಡ ಕರಡಿ, ಸಣ್ಣ ಕೋತಿ ಇಟ್ಟರೆ ವಾಕ್ಯ ಕೇಳದೆಯೇ ದೊಡ್ಡದರಿಂದ ಸಣ್ಣದನ್ನು ಕುಣಿಸುತ್ತದೆ. ಎರಡೂ ಒಂದೇ ಅಳತೆಯವಿರಲಿ, ಮಾಡಿಸುವ ಪಾತ್ರವನ್ನು ಅದಲುಬದಲು ಮಾಡಿ. ಎಂಟು ವಾಕ್ಯ ದಾಟಿದರೆ ಆಟಿಕೆ ಮಂಚದಡಿ ಸೇರುತ್ತದೆ.