ಸಹಾಯ ಬೇಕು: ಸ್ಪೀಕರ್ ತಗೊಳ್ಳುವಾಗ ಡ್ರೈವರ್ ನೋಡಬೇಕಾ, ಕ್ರಾಸ್‌ಓವರ್ ನೋಡಬೇಕಾ?

ನಮಸ್ಕಾರ್ರೀ, ಕಲಬುರಗಿಯಿಂದ. ಹಿಂದೂಸ್ತಾನಿ ಗಾಯನ ಕೇಳೋಕೆ ಒಂದು ಜೋಡಿ ದುಬಾರಿ ಸ್ಪೀಕರ್ ತಗೊಳ್ಳಬೇಕು. ಎರಡು ಮಾಡೆಲ್ ನೋಡಿದ್ದೇನೆ.

ಒಂದರಲ್ಲಿ ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್ ಕಂಪನಿಯ ಡ್ರೈವರ್‌ಗಳಿವೆ (ಸದ್ದು ಹೊರಡಿಸುವ ಘಟಕಗಳು). ಆದರೆ ಕ್ರಾಸ್‌ಓವರ್‌ನಲ್ಲಿ (ಸದ್ದನ್ನು ಡ್ರೈವರ್‌ಗಳಿಗೆ ಹಂಚುವ ಸರ್ಕ್ಯೂಟ್) ಟ್ವೀಟರ್‌ಗೂ, ಅಂದರೆ ತೀಕ್ಷ್ಣ ಸ್ವರದ ಡ್ರೈವರ್‌ಗೂ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕಿದ್ದಾರೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಗೆ ಅವುಗಳೊಳಗಿನ ದ್ರವ ಬೇಗ ಒಣಗುತ್ತದೆ ಅಲ್ವಾ? ಇನ್ನೊಂದರ ಡ್ರೈವರ್ ಸಾಧಾರಣ. ಆದರೆ ಕ್ರಾಸ್‌ಓವರ್‌ನಲ್ಲಿ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್ ಪೊರೆಯ) ಕೆಪಾಸಿಟರ್, ಏರ್‌ಕೋರ್ (ಒಳಗೆ ಕಬ್ಬಿಣವಿಲ್ಲದ) ಕಾಯಿಲ್; ಪೆಟ್ಟಿಗೆ 25 ಮಿ.ಮೀ. ಎಂಡಿಎಫ್ (ಒತ್ತಿದ ಮರದ ನಾರಿನ ಹಲಗೆ). ಎರಡರದ್ದೂ ರಬ್ಬರ್ ಸರೌಂಡ್ (ಡ್ರೈವರ್ ಕೋನ್ ಸುತ್ತಲಿನ ಅಂಚು). ಫೋಮ್ ಇದ್ದರೆ ನೋಡುತ್ತಲೇ ಇರಲಿಲ್ಲ, ಕಾಲ ಕಳೆದಂತೆ ಪುಡಿಯಾಗುತ್ತದೆ.

ಕೆಪಾಸಿಟರ್ ಆಮೇಲೆ ಬದಲಿಸಬಹುದು, ಬೇರೆ ಡ್ರೈವರ್ ಹಾಕಿದರೆ ಕ್ರಾಸ್‌ಓವರ್ ಲೆಕ್ಕವೇ ಕೆಡುತ್ತದೆ. ಅದಕ್ಕೇ ಮನಸ್ಸು ಮೊದಲನೆಯದರ ಕಡೆ. ಕಲಬುರಗಿ ಅಥವಾ ಹೈದರಾಬಾದಿನಲ್ಲಿ ಕೆಪಾಸಿಟರ್ ಬದಲಿಸುವ ಕೆಲಸ ನೀಟಾಗಿ ಮಾಡುವವರು ಇದ್ದಾರಾ? ಹಾಲ್‌ನಲ್ಲಿ ಶಹಾಬಾದ್ ಕಲ್ಲಿನ ನೆಲ, ಸದ್ದು ವಾಪಸ್ ಬಡಿಯುತ್ತದೆ. ದಪ್ಪ ಜಮಖಾನ ಸಾಕಾಗುತ್ತಾ?