ಕರಬೂಜದ ಹೂವು ಉದುರುತ್ತಿದೆ, ಹಣ್ಣು ಸಪ್ಪೆ: ಬೆಳೆದವರು ಹೇಳಿ

ಬಾಗಲಕೋಟೆ ನವನಗರದಿಂದ ಪ್ರಶ್ನೆ

ಹಿತ್ತಲಿನಲ್ಲಿ ಕರಬೂಜದ ಕೆಲವು ಬಳ್ಳಿಗಳು ಹಬ್ಬಿವೆ. ಎರೆಮಣ್ಣು. ಹಳದಿ ಹೂವು ದಂಡಿಯಾಗಿ ಬರುತ್ತವೆ, ಮರುದಿನ ಉದುರುತ್ತವೆ. ಕಳೆದ ಬೇಸಿಗೆಯಲ್ಲಿ ನಿಂತ ಹಣ್ಣೂ ಸಪ್ಪೆಯಾಗಿತ್ತು. ಪಕ್ಕದಲ್ಲಿ ಸೌತೆ ಬಳ್ಳಿ ಇರುವುದೇ ಇದಕ್ಕೆ ಕಾರಣ ಎಂದು ಓಣಿಯವರು ಹೇಳುತ್ತಾರೆ. ಕಿತ್ತುಹಾಕಲೇ?

ವಿಜಯಪುರದಿಂದ

ತಂಗಿ, ಸೌತೆ ಬಳ್ಳಿಯನ್ನು ಖಂಡಿತ ಕೀಳಬೇಡ. ಸೌತೆಯ ಪರಾಗ ಕರಬೂಜಕ್ಕೆ ಕೂಡುವುದೇ ಇಲ್ಲ. ಕರಬೂಜದ್ದೇ ಬೇರೆ ತಳಿಯ ಪರಾಗ ಬಿದ್ದರೂ ಅದರ ಗುಣ ಕಾಣುವುದು ಆ ಹಣ್ಣಿನ ಬೀಜ ಊರಿ ಬೆಳೆದಾಗ. ಈಗಿನ ಹಣ್ಣಿನ ರುಚಿ ಅದರಿಂದ ಕೆಡುವುದಿಲ್ಲ.

ಮೊದಮೊದಲು ಬರುವುದೆಲ್ಲ ಗಂಡು ಹೂವು. ಅವು ಉದುರಲೇಬೇಕು. ಕಾಯಿ ಕಟ್ಟುವ ಹೂವನ್ನು ಗುರುತಿಸುವುದು ಸುಲಭ: ಎಸಳುಗಳ ಕೆಳಗೆ ನವಿರಾದ ರೋಮದ ಪುಟ್ಟ ಹಸಿರು ಹೀಚು ಇರುತ್ತದೆ. ಇವು ಹೆಚ್ಚಾಗಿ ಬರುವುದು ಕವಲುಗಳಲ್ಲಿ. ಅದಕ್ಕೇ ಸಸಿಗೆ ನಾಲ್ಕೈದು ಎಲೆ ಬಂದಾಗ ತುದಿಯ ಕುಡಿ ಚಿವುಟಬೇಕು. ಚಿವುಟಿರದಿದ್ದರೆ ಈಗಲೂ ಚಿವುಟು, ಕವಲೊಡೆಯುತ್ತದೆ.

ಜೇನುನೊಣ ಓಡಾಡದ ಕಡೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಬಿಸಿಲು ಏರುವ ಮೊದಲು, ಅಂದೇ ಅರಳಿದ ಗಂಡು ಹೂವನ್ನು ಕಿತ್ತು ಎಸಳುಗಳನ್ನು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೀಚಿರುವ ಹೂವಿನ ನಡುವಿಗೆ ಮೆಲ್ಲಗೆ ಸವರು. ಪರಾಗ ಕೂಡಿದ ಹೀಚು ಕೆಲವೇ ದಿನಗಳಲ್ಲಿ ಉಬ್ಬುತ್ತದೆ. ಕೂಡದ್ದು ಹಳದಿ ತಿರುಗಿ ಸುಕ್ಕುಗಟ್ಟುತ್ತದೆ. ಹೀಚನ್ನು ಮಾತ್ರ ಬೆರಳಿನಿಂದ ಹಿಸುಕಬಾರದು.

ಇನ್ನು ರುಚಿಯ ಮಾತು. ಹಣ್ಣಿಗೆ ಸಕ್ಕರೆ ಕೂಡಿಸುವುದು ಎಲೆ. ಎಲೆ ದಟ್ಟವಾಗಿ, ಹಸಿರಾಗಿ ಕೊನೆಯವರೆಗೆ ಉಳಿಯಬೇಕು. ಒಂದು ಬಳ್ಳಿಗೆ ಎರಡು ಮೂರು ಕಾಯಿ ಸಾಕು, ಉಳಿದವನ್ನು ಎಳೆಯದಾಗಿರುವಾಗಲೇ ತೆಗೆದುಬಿಡು. ಯೂರಿಯಾ ಸುರಿದರೆ ಬಳ್ಳಿ ಸೊಕ್ಕುತ್ತದೆ, ಕಾಯಿ ನಿಲ್ಲುವುದಿಲ್ಲ. ತಿಪ್ಪೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಸಾಕು.

ಎಲ್ಲಕ್ಕಿಂತ ಮುಖ್ಯ ನೀರು. ಎರೆಮಣ್ಣು ಮೇಲೆ ಬಿರುಕು ಬಿಟ್ಟಿದ್ದರೂ ಒಳಗೆ ತೇವ ಹಿಡಿದಿರುತ್ತದೆ. ಬೆರಳಿಳಿಸಿ ನೋಡಿಯೇ ನೀರು ಬಿಡು. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಡ; ಸಂಜೆಗೆ ಎದ್ದು ನಿಂತರೆ ಬಳ್ಳಿ ಸುಖವಾಗಿದೆ. ಕಾಯಿ ಪೂರ್ತಿ ಗಾತ್ರಕ್ಕೆ ಬಂದ ಮೇಲೆ ನೀರು ಕಡಿಮೆ ಮಾಡಲೇಬೇಕು. ಆಗಲೂ ದಿನಾ ಬಿಟ್ಟರೆ ಹಣ್ಣು ನೀರಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ನಿನ್ನ ಹಣ್ಣು ಸಪ್ಪೆಯಾದದ್ದು ಬಹುಶಃ ಇದರಿಂದಲೇ.

ಬೆಳಗಾವಿಯಿಂದ

ಅಕ್ಕ ನೀರಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಚಿಂತೆ ಮಳೆಯದು. ಹಣ್ಣು ಮಾಗುವಾಗ ಅಡ್ಡಮಳೆ ಬಂದರೆ ಸಿಹಿ ಹೋಯಿತು. ಬೀಜದಿಂದ ಹಣ್ಣಿಗೆ ಸುಮಾರು ಮೂರು ತಿಂಗಳು ಬೇಕು, ಆದ್ದರಿಂದ ನಾವು ಜನವರಿಯಲ್ಲೇ ಬೀಜ ಊರುತ್ತೇವೆ. ಆಗ ರಾತ್ರಿ ಚಳಿ ಇರುವುದರಿಂದ ಬೀಜವನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿಟ್ಟು ಮೊಳಕೆ ಕಂಡ ಮೇಲೆ ಊರುವುದು ಒಳ್ಳೆಯದು. ತಳಿ ಬೇಕೆಂದರೆ ಅರ್ಕಾ ಜೀತ್, ಅರ್ಕಾ ರಾಜಹಂಸ, ಹರಾ ಮಧು ಇವೆ. ಮನೆಯಂಗಳಕ್ಕೆ ಅರ್ಕಾ ಜೀತ್‌ ನನಗೆ ಇಷ್ಟ: ಹಣ್ಣು ಸಣ್ಣದು, ಪರಿಮಳ ಚೆನ್ನ. ಎಲೆಯ ಮೇಲೆ ಬೂದಿ ರೋಗ ಕಂಡರೆ ಗಂಧಕದ ಪುಡಿ ಎರಚಬೇಡಿ, ಬಿಸಿಲಿನಲ್ಲಿ ಕರಬೂಜದ ಎಲೆ ಸುಡುತ್ತದೆ. ರೋಗದ ಎಲೆ ಕಿತ್ತು ದೂರ ಹಾಕಿ, ಬಳ್ಳಿಗಳ ನಡುವೆ ಗಾಳಿ ಆಡಲು ಬಿಡಿ.

ಮುಧೋಳದಿಂದ

ಹಣ್ಣಿನ ನೊಣದ ಬಗ್ಗೆ ಯಾರೂ ಹೇಳಲಿಲ್ಲ. ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗೆ ಒಂದು ಚುಕ್ಕೆ, ಒಳಗೆ ಹುಳ. ಕಾಯಿ ನಿಂಬೆ ಗಾತ್ರವಾದ ಕೂಡಲೇ ಹಳೆಯ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ. ಚುಚ್ಚಿದ ಕಾಯಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ಕಾಯಿಯ ಕೆಳಗೆ ಕಬ್ಬಿನ ರವದಿ ಹಾಸಿ, ಒದ್ದೆ ಮಣ್ಣು ತಾಗಿ ಕೊಳೆಯುವುದು ತಪ್ಪುತ್ತದೆ.

ಕೀಳಲು ಅವಸರ ಬೇಡ. ತೊಟ್ಟು ಸೇರುವ ಕಡೆ ಸುತ್ತಲೂ ಸಣ್ಣ ಬಿರುಕು ಮೂಡಿ, ಬುಡ ಮೂಸಿದರೆ ವಾಸನೆ ಬರಬೇಕು. ಆಗ ಮೆಲ್ಲಗೆ ಎತ್ತಿದರೆ ತಾನಾಗಿ ಕಳಚುತ್ತದೆ. ಮೊದಲೇ ಕಿತ್ತದ್ದು ಮನೆಯಲ್ಲಿ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ.