ಸಹಾಯ ಬೇಕು: ತುಂಬಿದ ಲೋಟ, ಖಾಲಿ ಲೋಟ, ಬಟ್ಟೆ ಎಳೆಯೋ ಪ್ರಯೋಗ
ಎಲ್ರಿಗೂ ನಮಸ್ಕಾರ, ಶಿರಸಿ ಹತ್ರ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ನಾನು. ಜಡತ್ವದ (ನಿಂತ ವಸ್ತು ನಿಂತಲ್ಲೇ ಇರೋಕೆ ನೋಡೋ ಗುಣ) ಪಾಠಕ್ಕೆ ಟೇಬಲ್ ಮೇಲೆ ಬಟ್ಟೆ ಹಾಸಿ, ಸ್ಟೀಲ್ ಲೋಟ ಇಟ್ಟು, ಬಟ್ಟೆನ ಫಟ್ ಅಂತ ಎಳೆದು ತೋರಿಸ್ತೇನೆ, ಲೋಟ ಹೆಚ್ಚುಕಮ್ಮಿ ಅಲ್ಲೇ ನಿಲ್ತದೆ, ನಿಧಾನ ಎಳೆದ್ರೆ ಬಟ್ಟೆ ಜೊತೆಗೇ ಬರ್ತದೆ. ಈ ಸಲ ಒಬ್ಳು ಹುಡುಗಿ ಕೇಳಿದ್ಲು, "ಟೀಚರ್, ನೀರು ತುಂಬಿದ್ರೆ ಜಡತ್ವ ಜಾಸ್ತಿ ಸರಿ, ಆದ್ರೆ ಭಾರ ಜಾಸ್ತಿ ಆದ್ರೆ ಘರ್ಷಣೆನೂ ಜಾಸ್ತಿ ಅಲ್ವಾ, ಮತ್ತೆ ಲಾಭ ಏನಾಯ್ತು?" ಎಂಥಾ ಪ್ರಶ್ನೆ ಮಾರಾಯ್ರೆ!

ಲೆಕ್ಕ ಹಾಕಿದ್ರೆ ಅವಳು ಹೇಳಿದ್ದೇ ಸರಿ. ಘರ್ಷಣೆ ಬಲ ದ್ರವ್ಯರಾಶಿಗೆ ತಕ್ಕಂತೆ ಹೆಚ್ತದೆ, ವೇಗ ಎಷ್ಟು ಬೇಗ ಏರ್ತದೆ ಅಂತ ನೋಡೋಕೆ ಅದನ್ನ ದ್ರವ್ಯರಾಶಿಯಿಂದ ಭಾಗಿಸಿದ್ರೆ ದ್ರವ್ಯರಾಶಿ ಹೊಡೆದೇ ಹೋಗ್ತದೆ. ಘರ್ಷಣಾ ಗುಣಾಂಕ (ಭಾರದ ಎಷ್ಟು ಪಾಲು ಘರ್ಷಣೆ ಅನ್ನೋ ಸಂಖ್ಯೆ) 0.3 ಅಂತ ಹಿಡಿದು, ಬಟ್ಟೆ 0.1 ಸೆಕೆಂಡಲ್ಲಿ ಹೊರಗೆ ಬಂತು ಅಂದ್ಕೊಂಡ್ರೆ ಅಷ್ಟರಲ್ಲಿ ಲೋಟ ಸರಿಯೋದು ಒಂದೂವರೆ ಸೆಂಟಿಮೀಟರ್, ಖಾಲಿ ಇರ್ಲಿ ತುಂಬಿರ್ಲಿ. ಅಂದ್ರೆ ಆಟ ಇರೋದು ಭಾರದಲ್ಲಲ್ಲ, ಘರ್ಷಣೆಗೆ ಸಿಗೋ ಸಮಯದಲ್ಲಿ.

ಇದನ್ನ ಬೋರ್ಡ್ ಮೇಲೆ ಬರೆದು ಬಿಡೋಕೆ ಮನಸಿಲ್ಲ, ಮಕ್ಕಳು ಕಣ್ಣಾರೆ ನೋಡ್ಬೇಕು. ಎರಡೂ ಲೋಟ ಅಕ್ಕಪಕ್ಕ ಇಟ್ಟು ಒಂದೇ ಎಳೆತಕ್ಕೆ ಸರಿದಿದ್ದನ್ನ ಸ್ಕೇಲಲ್ಲಿ ಅಳೆಯೋಣ ಅಂತಿದೀನಿ, ಮೊಬೈಲ್ ಸ್ಲೋ ಮೋಷನ್ ಕೂಡ ಇದೆ. ತೊಂದ್ರೆ ಏನಂದ್ರೆ ನಮ್ಮ ಮಳೆಗೆ ಕಾಟನ್ ಬಟ್ಟೆ ಎಲ್ಲಾ ತೇವ ಹಿಡಿದು ಲೋಟದ ತಳಕ್ಕೆ ಅಂಟ್ತದೆ, ಮಡಚಿ ಹೊಲಿದ ಅಂಚು ತಾಗಿದ್ರೆ ಖಾಲಿ ಲೋಟ ಉರುಳಿಯೇ ಹೋಗ್ತದೆ. ಕಾರವಾರ, ಕುಮಟಾ ಕಡೆ ಟೀಚರ್ಸ್ ಯಾರಾದ್ರೂ ಮಳೆಗಾಲದಲ್ಲಿ ಇದನ್ನ ಮಾಡಿದ್ರೆ ಯಾವ ಬಟ್ಟೆ ತಗೊಂಡ್ರಿ, ಅಂಚಿಗೆ ಏನ್ ಮಾಡಿದ್ರಿ ದಯವಿಟ್ಟು ಹೇಳಿ, ಬರೋ ವಾರ ಮತ್ತೆ ಅದೇ ಕ್ಲಾಸಿದೆ.